ಮೂರು ಸೆಕೆಂಡಿನ ಮಾತು

ಏಳು ವರ್ಷದ ಹಿಂದೆ ಅವಳು ಫೋನಿನಲ್ಲಿ ಒಂದು ಮಾತು ಕೊಟ್ಟಿದ್ದಳು: ಕೇಳಿದ ಮೂರು ಸೆಕೆಂಡಿನೊಳಗೆ ಉತ್ತರ ಕೊಡುತ್ತೇನೆ, ಹೌದೋ ಇಲ್ಲವೋ, ಸುಮ್ಮನಂತೂ ಇರುವುದಿಲ್ಲ.

ಮಾತು ಕೊಟ್ಟದ್ದು ಆಂಬುಲೆನ್ಸ್ ಕಂಪನಿಗೆ ಕೋಡ್ ಬರೆಯುವವನಿಗೆ. ಅವಳು ನೋಡಿಕೊಳ್ಳುವುದು ಆಸ್ಪತ್ರೆಯ ಸರ್ವರ್. ರೋಗಿಯನ್ನು ಗಾಡಿಗೆ ಹತ್ತಿಸಿದ ಕೂಡಲೇ ಅವನ ಕೋಡ್ ಅವಳ ಸರ್ವರಿಗೊಂದು ರಿಕ್ವೆಸ್ಟ್ ಕಳಿಸುತ್ತದೆ: ಹಾಸಿಗೆ ಖಾಲಿ ಇದೆಯೇ?

"ಇಲ್ಲ ಅಂದ್ರೆ ಪರವಾಗಿಲ್ಲ ಮೇಡಂ," ಎಂದಿದ್ದ ಅಂದು. "ಡ್ರೈವರ್ ಬೇರೆ ಆಸ್ಪತ್ರೆಗೆ ತಿರುಗಿಸ್ತಾನೆ. ನೀವು ಏನೂ ಹೇಳದೆ ಇದ್ರೆ ಮಾತ್ರ ದಾರೀಲೇ ನಿಂತಿರ್ತಾನೆ."

ಆಮೇಲೆ ತಿಂಗಳಿಗೊಮ್ಮೆ ಪರೀಕ್ಷೆಯ ನೆಪದಲ್ಲಿ ಅವಳ ಪಕ್ಕದ ಕುರ್ಚಿಯಲ್ಲಿ ಬಂದು ಕೂರತೊಡಗಿದ. ಕನ್ನಡಕವನ್ನು ಹಣೆಗೇರಿಸಿಕೊಂಡು ಮೇಜೆಲ್ಲ ಹುಡುಕುತ್ತಿದ್ದ. ಅವಳು ತುಟಿ ಕಚ್ಚಿಕೊಂಡು, ನೋಡಿಯೂ ನೋಡದವಳ ಹಾಗೆ, ಸ್ವಲ್ಪ ಹೊತ್ತು ಹುಡುಕಲು ಬಿಡುತ್ತಿದ್ದಳು.

ಮೂರು ವಾರದ ಹಿಂದೆ ಅವನು ಕೇಳಿಯೇ ಬಿಟ್ಟ. ಅಕ್ಕನ ಊರಿನಲ್ಲಿ ಕೆಲಸ ಸಿಕ್ಕಿದೆ. ತಾಯಿಯಿಲ್ಲದ ಮಗಳು ಬೆಳೆಯುತ್ತಿರುವುದೂ ಅಕ್ಕನ ಮನೆಯಲ್ಲೇ. "ನೀವೂ ಬನ್ನಿ. ಮದುವೆ ಆಗೋಣ. ನೀವು ಏನಾದ್ರೂ ಹೇಳೋವರೆಗೆ ನಾನು ಅಲ್ಲಿಗೆ ಒಪ್ಪಿಗೆ ಕೊಡಲ್ಲ."

ಅವಳ ಬಾಯಿ ಕಟ್ಟಿಹೋಯಿತು. ಮನೆಯಲ್ಲಿ ಅತ್ತೆ, ತೀರಿಕೊಂಡ ಗಂಡನ ತಾಯಿ. ವಾರಕ್ಕೆ ಮೂರು ಸಲ ಇದೇ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಅವರು ಊರು ಬಿಡುವ ಸ್ಥಿತಿಯಲ್ಲಿಲ್ಲ. ಅವರನ್ನು ಬಿಡುವ ಮನಸ್ಸು ಇವಳಿಗಿಲ್ಲ.

ಇಂದು ಮಧ್ಯಾಹ್ನ ಅವನು ಮತ್ತೆ ಬಂದ. ಪರೀಕ್ಷೆಗೆಂದೇ ಇಟ್ಟಿದ್ದ ಸರ್ವರನ್ನು ಅವಳು ಬೇಕೆಂದೇ ಉತ್ತರ ಕೊಡದಂತೆ ತಡೆಹಿಡಿದಳು. ಉತ್ತರ ಬಾರದಿದ್ದರೆ ಗಾಡಿ ದಾರಿಯಲ್ಲಿ ನಿಲ್ಲದಂತೆ ಅವನು ಈಚೆಗೆ ಕೋಡಿಗೆ ಒಂದು ಸಾಲು ಸೇರಿಸಿದ್ದ; ಅದು ಎಷ್ಟು ಹೊತ್ತು ಕಾಯುತ್ತದೆಂದು ನೋಡಬೇಕಿತ್ತು.

ಒಂದು. ಎರಡು. ಮೂರು. ಪರದೆಯ ಮೇಲೆ 'ಟೈಮ್‌ಔಟ್' ಎಂದು ಮೂಡಿತು, ಕಾಯುವ ಹೊತ್ತು ಮುಗಿದಿತ್ತು. ಕೋಡ್ ಮುಂದಿನ ಆಸ್ಪತ್ರೆಯನ್ನು ಕೇಳಲು ಹೋಯಿತು.

"ನಿಮಗಿಂತ ನಿಮ್ ಕೋಡಿಗೇ ಬುದ್ಧಿ ಜಾಸ್ತಿ," ಎಂದಳು.

"ಬರೆದೋನು ನಾನೇ ರೀ. ಆ ಒಂದು ಸಾಲು ನನ್ನೊಳಗೆ ಹಾಕ್ಕೊಳ್ಳೋಕೆ ಆಗ್ಲಿಲ್ಲ, ಅಷ್ಟೆ."

ಇಬ್ಬರೂ ನಕ್ಕರು. ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ಅವನ ಫೋನಿಗೆ ಮಗಳ ವಾಯ್ಸ್ ಮೆಸೇಜ್ ಬಂತು: "ಅಪ್ಪ, ಯಾವತ್ತು ಬರ್ತೀಯ? ಮೊನ್ನೆನೂ ಕೇಳ್ದೆ, ನೀನು ಏನೂ ಹೇಳ್ಲಿಲ್ಲ."

ಅವನು ಫೋನನ್ನು ಬೋರಲು ಇಟ್ಟ.

"ಮಗೂಗೆ ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ನಂಗೇ ಗೊತ್ತಿಲ್ವಲ್ಲ."

ಅವಳಿಗೆ ತನ್ನ ಮೇಲೇ ನಾಚಿಕೆಯಾಯಿತು. ತಾನು ಸುಮ್ಮನಿರುವಷ್ಟು ದಿನ ಅವನು ಎಲ್ಲೂ ಹೋಗುವುದಿಲ್ಲ. ಅದು ಗೊತ್ತಿದ್ದೇ ಸುಮ್ಮನಿದ್ದಳು. ಇನ್ನೊಂದು ತಿಂಗಳು ಬಾಯಿ ಬಿಡದಿದ್ದರೆ ಇನ್ನೊಂದು ತಿಂಗಳು ಈ ಕುರ್ಚಿ ತುಂಬಿರುತ್ತದೆ. ಅಲ್ಲಿ ಒಂದು ಮಗು ದಿನ ಎಣಿಸುತ್ತಿರುತ್ತದೆ.

"ಇಲ್ನೋಡಿ," ಎಂದಳು.

ನೋಡಿದ. ಅವನ ನೋಟವನ್ನು ಅವಳು ಇಷ್ಟು ಹೊತ್ತು ಎಂದೂ ಹಿಡಿದು ನಿಲ್ಲಿಸಿರಲಿಲ್ಲ.

"ನೀವಂದ್ರೆ ನಂಗೆ ಜೀವ. ಇದನ್ನ ಹೇಳ್ದೆ ಕಳಿಸಿದ್ರೆ ನಂಗೆ ಉಸಿರು ಕಟ್ಟುತ್ತೆ. ಆದ್ರೆ ನಾನು ಬರಲ್ಲ. ಮುಂದೆ ಬರ್ತಾಳೇನೋ ಅಂತ ಆಸೇನೂ ಇಟ್ಕೋಬೇಡಿ. ಅತ್ತೆಗೆ ನಾನೊಬ್ಳೇ. ನಿಮ್ ಮಗಳಿಗೆ ನೀವೊಬ್ರೇ."

ಅವನು ಅವಳ ಕೈಯನ್ನು ತನ್ನೆರಡು ಅಂಗೈಗಳ ನಡುವೆ ಇಟ್ಟುಕೊಂಡ. ಆಮೇಲೆ ಮಗಳಿಗೆ ಫೋನ್ ಮಾಡಿ, "ಸೋಮವಾರ ಬರ್ತೀನಿ ಪುಟ್ಟಿ," ಎಂದ.

ಉತ್ತರ ಮೂರು ವಾರ ತಡವಾಗಿತ್ತು. ಸುಮ್ಮನಿರುವುದಿಲ್ಲ ಎಂಬ ಮಾತನ್ನು ಅವಳು ಉಳಿಸಿಕೊಂಡಳು.