ಬಾಲವಿಲ್ಲದ ಹಲ್ಲಿಯ ಸಾಕ್ಷಿ

ಎಂಬತ್ತಾರನೇ ಇಸವಿಯ ಮಾತು. ಗಣಿಯೂರು ಸಾವರ್ಡೆಯಲ್ಲಿ ಬಾಡಿಗೆ ಖೋಲಿಗಳ ಒಂದು ಚಾಳು. ಅಲ್ಲಿ ಎರಡು ಖೋಲಿಗಳ ನಡುವಿನ ಗೋಡೆ ಮಾಡಿನವರೆಗೆ ಮುಟ್ಟಿರಲಿಲ್ಲ. ಆ ಸಂದಿಯಲ್ಲಿ ಹಲ್ಲಿಗಳು ಹೋಗಿಬರುತ್ತಿದ್ದವು, ಜೊತೆಗೆ ಪರಮಣ್ಣನ ಚೇಷ್ಟೆಯೂ.

ಪರಮಣ್ಣ ಅದಿರಿನ ಲಾರಿಯ ಡ್ರೈವರ್. ಸಂಜೆ ಖೋಲಿಗೆ ಬಂದವನೇ ನಾಲಿಗೆಯಲ್ಲಿ ಹಲ್ಲಿಯ ಹಾಗೆ ಲೊಚ್ ಲೊಚ್ ಅನ್ನುತ್ತಿದ್ದ. ಗೋಡೆಯ ಈಚೆ ಖೋಲಿಯಲ್ಲಿ ಹುಲಿಗೆವ್ವ ರೊಟ್ಟಿ ಬಡಿಯುತ್ತ ನಗು ನುಂಗುತ್ತಿದ್ದಳು. ಅವಳಿಗೆ ಹಲ್ಲಿ ನೋಡುವ ಹುಚ್ಚು ಬೇರೆ. ಅವಳು ಗಿಡ್ಡವ್ವ ಎಂದು ಹೆಸರಿಟ್ಟಿದ್ದ ಬಾಲ ಕಳಕೊಂಡ ಹಲ್ಲಿ ಬಲ್ಬಿನ ಹಿಂದೆ ಹೊಂಚುವುದು, ಹುಳ ಮೂಗಿಗೆ ಬಂದರೂ ಅವಸರ ಮಾಡದಿರುವುದು, ಎಲ್ಲ ಬಾಯಿಪಾಠ.

ಒಂದು ಸಂಜೆ ಅವಳ ಸೋದರಮಾವ ಕಂಠೆಪ್ಪ ಕುಷ್ಟಗಿಯಿಂದ ವರನ ಸುದ್ದಿ ತಂದಿದ್ದ.

"ಹುಡುಗ ಚಲೋ ಅದಾನಂತಿ. ಹಂಗಾರ ಕೊಟ್ಟಬಿಡೂಣು," ಎಂದಳು ತಾಯಿ ಬಾಳಮ್ಮ.

ಲೊಚ್ ಲೊಚ್!

"ನೋಡು, ಹಲ್ಲಿ ನುಡೀತು! ಖರೇ, ಖರೇ," ಎಂದು ಬಾಳಮ್ಮ ನೆಲಕ್ಕೆ ಬೆರಳು ಬಡಿದಳು. ಹಲ್ಲಿ ನುಡಿದರೆ ಮುಗಿಯಿತು, ಅವಳನ್ನು ಕದಲಿಸುವವರಿಲ್ಲ.

ಹುಲಿಗೆವ್ವ ತಲೆ ಎತ್ತಿದಳು. ಗಿಡ್ಡವ್ವನ ಬಾಯಿತುಂಬ ಪತಂಗ. ಬಾಯಲ್ಲಿ ಹುಳ ಇದ್ದಾಗ ಅದು ಯಾವತ್ತೂ ದನಿ ತೆಗೆದದ್ದಿಲ್ಲ. ಅಯ್ಯೋ ಪುಣ್ಯಾತ್ಮ, ಏನು ಮಾತೆಂದು ಕೇಳದೆ ನುಡಿದುಬಿಟ್ಟೆಯಲ್ಲ!

"ಯವ್ವಾ, ಅದು ಹಲ್ಲಿ ಅಲ್ಲ."

"ಮತ್ತ ಯಾರ?"

ನಾಚಿಕೆ, ಸಿಟ್ಟು, ಅಳು ಒಟ್ಟಿಗೇ ಬಂದವು. ಒಲೆಯ ಮೇಲಿನ ರೊಟ್ಟಿ ಸೀಯಿತು.

ಕಂಠೆಪ್ಪ ಆಗಲೇ ಲಗ್ನದ ಮಾತು ತೆಗೆದಿದ್ದ. ಆಚೆ ಖೋಲಿಯಲ್ಲಿ ತಂಬಿಗೆ ಉರುಳಿದ ಸದ್ದಾಯಿತು. ಮರುಗಳಿಗೆ ಬಾಗಿಲಲ್ಲಿ ಪರಮಣ್ಣ, ಮೈತುಂಬ ಅದಿರಿನ ಕೆಂಪು ಧೂಳು.

"ಯವ್ವಾ, ಆ ಹಲ್ಲಿ ನಾನರಿ. ಏನ ಮಾತ ನಡದೈತಿ ಅಂತ ಗೊತ್ತಿದ್ದಿಲ್ಲ. ತಪ್ಪಾತು."

"ನಾಚಿಕಿ ಬರಂಗಿಲ್ಲೇನ ನಿನಗ? ಹೆಣ್ಣಹುಡುಗಿ ಇರೂ ಮನ್ಯಾಗ ಇದೆಂಥಾ ಆಟಾ?" ಎಂದು ಬಾಳಮ್ಮ ಸಿಡಿದಳು.

"ಲೊಚ್ ಅಂದಿದ್ದು ಆಟ ಖರೇ. ಮನಸು ಆಟ ಅಲ್ಲರಿ." ಅವನು ಹುಲಿಗೆವ್ವನನ್ನು ನೋಡಿದ, ದನಿ ತಗ್ಗಿತು. "ಹುಲಿಗೆವ್ವ ಅಂದ್ರ ನನಗ ಜೀವ. ನನಗ ಕೊಡ್ರಿ."

ಎಲ್ಲರೂ ಮೇಲೆ ನೋಡಿದರು. ಗಿಡ್ಡವ್ವ ಪತಂಗ ನುಂಗಿ, ಕಣ್ಣು ನೆಕ್ಕಿಕೊಂಡು ಬಲ್ಬಿನ ಹಿಂದೆ ಸರಿಯಿತು.

"ನುಡೀಲಿಲ್ಲ," ಎಂದ ಕಂಠೆಪ್ಪ.

ಲೊಚ್ ಲೊಚ್.

ಸದ್ದು ಒಲೆಯ ಬಳಿಯಿಂದ ಬಂದಿತ್ತು. ಹುಲಿಗೆವ್ವನ ಕೆನ್ನೆ ಕೆಂಪಾಗಿತ್ತು, ಕಣ್ಣಲ್ಲಿ ನೀರಿತ್ತು, ಆದರೆ ತಲೆ ತಗ್ಗಿರಲಿಲ್ಲ. ತಾಯಿಯನ್ನೇ ನೇರವಾಗಿ ನೋಡುತ್ತಿದ್ದಳು.

ಬಾಳಮ್ಮ ಮಗಳ ಮುಖ ನೋಡಿದಳು.

"ಭಾಳ ಧೈರ್ಯದ ಹಲ್ಲಿ ಐತಿ ಬಿಡವಾ ಇದು," ಎನ್ನುತ್ತ ಬಾಗಿ ನೆಲಕ್ಕೆ ಬೆರಳು ಬಡಿದಳು. "ಖರೇ, ಖರೇ."