ಮುಸ್ಸಂಜೆಗೆ ತುಂಡಾಗುವ ತಂತಿ

2007ರ ಫೆಬ್ರವರಿ ಆರು, ಮಂಗಳವಾರ ಮಧ್ಯಾಹ್ನ. ಮೈಲಾಪೂರಿನ ಠಾಣೆ ಊಟದ ಮಂಪರಿನಲ್ಲಿತ್ತು. ಫ್ಯಾನು ತಿರುಗುತ್ತಿತ್ತೋ ತೂಕಡಿಸುತ್ತಿತ್ತೋ ಹೇಳುವುದು ಕಷ್ಟ. ಇನ್ಸ್‌ಪೆಕ್ಟರ್ ಸೀತಾರಾಮ ಕಣ್ಣು ಬಿಟ್ಟಾಗ ಎದುರಿಗೆ ಒಬ್ಬ ಹೆಣ್ಣುಮಗಳು ನಿಂತಿದ್ದಳು.

"ನಮ್ಮ ಇಂಟರ್ನೆಟ್ಟನ್ನ ಯಾರೋ ಸಾಯಿಸ್ತಿದಾರೆ ಸರ್."

"ಕೊಲೆ ಕೇಸಾ ಮೇಡಂ?" ಎಂದ ಹೆಡ್ ಕಾನ್‌ಸ್ಟೆಬಲ್ ಕಿಟ್ಟು. ಅವನಿಗೆ ಎಲ್ಲವೂ ತಮಾಷೆಯೇ.

ದೂರು ಕೊಡಲು ಬಂದವಳು ತುಮಕೂರಿನ ದಾಕ್ಷಾಯಿಣಿ. ಅಮೆರಿಕದ ಡಾಕ್ಟರುಗಳು ಹೇಳಿದ್ದನ್ನು ಮನೆಯಲ್ಲೇ ಕೂತು ಟೈಪು ಮಾಡಿ ಕಳಿಸುವ ಕೆಲಸ. ಅವರಿಗೆ ಬೆಳಗಾಗುವುದು ನಮಗೆ ಸಂಜೆಯಾಗುವಾಗ. ಸರಿಯಾಗಿ ಆ ಹೊತ್ತಿಗೇ ವಾರಕ್ಕೆರಡು ಸಲ ಲೈನು ಸಾಯುತ್ತಿತ್ತು. ಗಂಡನ ಕಂಪನಿ ಮುಚ್ಚಿದ ಮೇಲೆ ಮನೆ ನಡೆಯುತ್ತಿದ್ದದ್ದು ಇವಳ ದುಡಿಮೆಯಿಂದ. ಇನ್ನೊಂದು ಸಲ ಕೆಲಸ ನಿಂತರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಮೇಲಿನವರು ಹೇಳಿಯಾಗಿತ್ತು.

"ಇಂಟರ್ನೆಟ್ ಡಬ್ಬಿ ಕೆಟ್ಟಿರಬಹುದಲ್ಲಮ್ಮ?"

"ವೈರ್‌ಲೆಸ್ ಡಬ್ಬಿ ಎರಡು ಸಲ ಬದಲಾಯಿಸ್ದೆ ಸರ್. ಆಫ್ ಮಾಡಿ ಆನ್ ಮಾಡ್ದೆ, ಫ್ರಿಜ್ ಮೇಲಿಟ್ಟೆ, ಕಿಟಕೀಲಿಟ್ಟೆ. ಒಂದು ದೀಪ ಮಾತ್ರ ಮಿಣಮಿಣ ಅಂತಲೇ ಇತ್ತು. ನಿನ್ನೆ ಫೋನ್ ಆಫೀಸಿಂದ ರಿಪೇರಿಗೆ ಬಂದ ರವಿಕಿರಣ್, ಡಬ್ಬಿದು ತಪ್ಪಿಲ್ಲ, ಮೆಟ್ಟಿಲ ಹತ್ರ ಗೋಡೆ ಮೇಲಿನ ಫೋನ್ ತಂತೀನೇ ಯಾರೋ ಕಡಿದಿದಾರೆ ಅಂದ್ರು."

ಸೀತಾರಾಮನ ನಿದ್ದೆ ಹಾರಿತು. ಫೋನ್ ತಂತಿ ಕಡಿದರೆ ಅದು ಟೆಲಿಗ್ರಾಫ್ ಕಾಯ್ದೆಗೆ ಬರುತ್ತದೆ. ಎಫ್‌ಐಆರ್ ದಾಖಲಾಯಿತು. ಅವನ ಹುಟ್ಟೂರು ತಾಳವಾಡಿ, ತಮಿಳುನಾಡಿನೊಳಗಿನ ಕನ್ನಡದ ಊರು. ಅಲ್ಲಿನ ಕನ್ನಡದಲ್ಲೇ ಧೈರ್ಯ ಹೇಳಿ ಅವಳನ್ನು ಕಳಿಸಿದ.

ಮರುದಿನ ಸ್ಥಳ ಪಂಚನಾಮೆ. ಮೂರು ಮಹಡಿಯ ಹಳೇ ಕಟ್ಟಡ, ಸಮುದ್ರದ ಕಡೆಯಿಂದ ಉಪ್ಪುಗಾಳಿ, ಯಾರ ಮನೆಯಲ್ಲೋ ವೀಣೆ ಪಾಠ. ಇಂಥ ಕಡೆ ಅಪರಾಧ ಅನ್ನುವ ಮಾತೇ ಬಾಯಿಗೆ ಬರುವುದಿಲ್ಲ. ಮೊನ್ನೆ ಕಡಿದ ತುಂಡು ರವಿಕಿರಣನ ಹತ್ತಿರವೇ ಇತ್ತು. ಅದರ ತುದಿಗೆ ಬಿಳಿ ಅಂಟಿತ್ತು.

ಕಿಟ್ಟು ಮೂಸಿ ನೋಡಿದ. "ಸುಣ್ಣ ಸರ್. ಅಡಕತ್ತರೀಲಿ ಕಡಿದಿದಾರೆ. ವೆತ್ತಲೆ ಹಾಕೋರ ಕೆಲಸ ತಾನೇ ಇದು?"

"ಇಲ್ಲಿ ಎಲೆಅಡಿಕೆ ಯಾರು ಹಾಕ್ತಾರಮ್ಮ?"

"ಮೇಲ್ಮನೆ ಬಸವಣ್ಣೆಮ್ಮಜ್ಜಿ," ಅಂದವಳೇ ದಾಕ್ಷಾಯಿಣಿ ನಾಲಿಗೆ ಕಚ್ಚಿಕೊಂಡಳು. "ಅಯ್ಯೋ, ಅವರಲ್ಲ ಸರ್! ನನಗೆ ದಿನಾ ಬಿಸಿ ರೊಟ್ಟಿ ಕೊಡೋರು ಅವರು."

ರೊಟ್ಟಿ ಕೊಡುವವರು ತಂತಿ ಕಡಿಯಬಾರದೆಂದು ಯಾವ ಕಾಯ್ದೆಯಲ್ಲೂ ಇಲ್ಲ. ಆದರೆ ಯಾಕೆ ಕಡಿಯಬೇಕು? ಸೀತಾರಾಮ ರವಿಕಿರಣನನ್ನು ಪಕ್ಕಕ್ಕೆ ಕರೆದ.

"ಈ ತಂತಿಯಿಂದ ಮೇಲ್ಮನೆಗೆ ಏನಾದ್ರೂ ತೊಂದರೆ?"

"ಅವರ ಕಿಟಕಿಗೆ ಒರಗಿಕೊಂಡೇ ಹೋಗುತ್ತೆ ಸರ್. ಒಳಗೆ ಹಳೇ ರೇಡಿಯೋ ಇದ್ರೆ ಇಂಟರ್ನೆಟ್ ಬಂದ ಕೂಡ್ಲೇ ಗೊರಗೊರ ಅನ್ನುತ್ತೆ. ಎರಡೂ ಓಡಾಡೋದು ಒಂದೇ ಓಣೀಲಿ."

ಗುರುವಾರ ಸಂಜೆ ಸೀತಾರಾಮ, ಕಿಟ್ಟು ಇಬ್ಬರೂ ಮೆಟ್ಟಿಲ ತಿರುವಿನಲ್ಲಿ ನಿಂತರು. ದೀಪ ಹಚ್ಚುವ ಹೊತ್ತು. ಗೋಡೆಗಳೆಲ್ಲ ಅರಿಶಿನ ಬಣ್ಣಕ್ಕೆ ತಿರುಗಿ, ನಿಧಾನವಾಗಿ ಮಸುಕಾದವು. ಮೇಲಿನ ಬಾಗಿಲು ತೆರೆಯಿತು. ಇಳಿದು ಬಂದ ಮುದುಕಿಯ ಕೈಯಲ್ಲಿ ಅಡಕತ್ತರಿ. ಕಳ್ಳಹೆಜ್ಜೆ ಇಲ್ಲ, ಹೆದರಿಕೆ ಇಲ್ಲ. ಹೂ ಕೀಳಲು ಹೋದವರ ಹಾಗೆ ತಂತಿಗೆ ಕೈ ಚಾಚಿದಳು. ಸೀತಾರಾಮ ಆ ಕೈ ಹಿಡಿದ.

"ಬಿಡ್ರೀ, ಸಮಾಚಾರ ಸುರು ಆಕ್ಕೈತಿ!"

ಸದ್ದಿಗೆ ದಾಕ್ಷಾಯಿಣಿ ಹೊರಗೆ ಓಡಿ ಬಂದಳು. "ಅಜ್ಜೀ! ನೀವಾ? ನನ್ನ ಅನ್ನಕ್ಕೇ ಕಲ್ಲು ಹಾಕಿದ್ರಲ್ಲ!"

ಬಸವಣ್ಣೆಮ್ಮನಿಗೆ ದಿಕ್ಕೇ ತೋಚಲಿಲ್ಲ. "ನಿನ್ನ ಅನ್ನಕ್ಕ? ನಿನ್ನ ಹೊಸಾ ಡಬ್ಬಿಗೆ ತಂತೀನ ಬ್ಯಾಡ, ಗಾಳ್ಯಾಗ ಬರ್ತೈತಿ ಅಂತ ನೀನ ಹೇಳಿದ್ದೆಲ್ಲ ಪಾಪಾ! ಇದು ಕೆಲಸಕ್ಕ ಬಾರದ ಹಳೇ ತಂತಿ ಅಂದ್ಕೊಂಡೆ. ಫೋನಿನವರು ಸುಮ್ಮಸುಮ್ಮನ ಜೋಡಿಸಿ ಹೋಗ್ತಾರ ಅಂತ ಮತ್ತ ಕಡೀತಿದ್ದೆ. ನಿನ್ನ ಡಬ್ಬಿ ಸರಿಹೋಗ್ಲಿ ಅಂತ ಕೊಟ್ಟೂರು ಬಸವಣ್ಣಗ ಕಾಯಿ ಬ್ಯಾರೆ ಹೊತ್ತೀನಿ."

ಕಿಟ್ಟುವಿಗೂ ನಗು ಬರಲಿಲ್ಲ.

ಬಸವಣ್ಣೆಮ್ಮ ಅವರನ್ನು ತನ್ನ ಮನೆಯೊಳಗೆ ಕರೆದೊಯ್ದಳು. ಮಂಚದ ಮೇಲೆ ಅವಳ ಗಂಡ ಕೊಟ್ರಪ್ಪ, ತಲೆದೆಸೆಯಲ್ಲಿ ರೇಡಿಯೋ. ಸೌಕಾರ್‌ಪೇಟೆಯಲ್ಲಿ ಸೀರೆ ಅಂಗಡಿ ನಡೆಸಿದ ಮನುಷ್ಯ. ಪ್ರತಿ ಸಂಜೆ ಗಲ್ಲಾದ ಮುಂದೆ ಕೂತು ಧಾರವಾಡದ ಸಮಾಚಾರಕ್ಕೆ, ಓದುವವರು ಎದುರಿಗೇ ಇದ್ದಾರೇನೋ ಎಂಬಂತೆ ಹೂಂಗುಡುತ್ತಿದ್ದರಂತೆ. ಕಳೆದ ವರ್ಷ ಲಕ್ವ ಹೊಡೆದು ಮಾತು ಹೋಯಿತು. ಹೆಂಡತಿ ಕರೆದರೂ ಉತ್ತರವಿಲ್ಲ, ಮೊಮ್ಮಕ್ಕಳು ತಮಿಳಿನಲ್ಲಿ ಕೂಗಿದರೂ ಉತ್ತರವಿಲ್ಲ. ಹೊತ್ತು ಮುಳುಗಿ ದೂರದ ಸ್ಟೇಷನ್ನು ತೇಲಿ ಬಂದಾಗ ಮಾತ್ರ ಒಂದೊಂದು 'ಹೂಂ' ಬರುತ್ತಿತ್ತು. ಆ ತಂತಿಯಿಂದ ರೇಡಿಯೋ ಗೊರಗುಟ್ಟತೊಡಗಿದ ಮೇಲೆ ಅದೂ ನಿಂತಿತು.

"ರಸ್ತೆ ಅಗದಾಗ ಒಂದಿನ ಫೋನು ಬಂದ್ ಆಗಿತ್ತು ನೋಡ್ರಿ. ಅವತ್ತು ರೇಡಿಯೋ ತಿಳಿನೀರಾಗಿತ್ತು. ಇವರು ಹೂಂ ಅಂದ್ರು. ಆ ದನಿ ಬಿಟ್ರ ನನಗ ಇನ್ನೇನೈತ್ರಿ?"

ಆ ಸಂಜೆ ತಂತಿ ತುಂಡಾಗಲಿಲ್ಲ. ಕೆಳಗೆ ದಾಕ್ಷಾಯಿಣಿ ಕಣ್ಣೊರೆಸಿಕೊಳ್ಳುತ್ತಲೇ ಟೈಪು ಮಾಡಿದಳು, ಕೆಲಸ ಉಳಿಯಿತು. ಮೇಲೆ ರೇಡಿಯೋ ಗೊರಗುಟ್ಟಿತು. ಕೊಟ್ರಪ್ಪ ಸುಮ್ಮನೆ ಸೂರು ನೋಡಿದರು. ಸೂರ್ಯ ಮುಳುಗಿದ ಮೇಲೆ ಹೆಂಗಸರನ್ನು ಬಂಧಿಸುವಂತಿಲ್ಲ ಎಂಬ ನಿಯಮಕ್ಕೆ ಸೀತಾರಾಮ ಮನಸಾರೆ ವಂದಿಸಿ ಠಾಣೆಗೆ ಮರಳಿದ. ಕೇಸ್ ಡೈರಿಯಲ್ಲಿ ಅಪರಾಧದ ಉದ್ದೇಶ ಎಂಬಲ್ಲಿ 'ಗಂಡನ ದನಿ ಕೇಳುವ ಆಸೆ' ಎಂದು ಬರೆದ. ಮೇಲಧಿಕಾರಿ ಬೈದರೆ ಬೈಯಲಿ.

ಶುಕ್ರವಾರ ಬೆಳಿಗ್ಗೆ ಮಹಿಳಾ ಕಾನ್‌ಸ್ಟೆಬಲ್ ಜೊತೆ ಹೋಗಿ ಬಂಧನದ ವಿಧಿ ಮುಗಿಸಿದ. ಜಾಮೀನಿಗೆ ಸಹಿ ಹಾಕಲು ದಾಕ್ಷಾಯಿಣಿಯೇ ಬಂದು ನಿಂತಿದ್ದಳು. ಬಂಧನದ ವಿಷಯ ಹತ್ತಿರದವರಿಗೆ ತಿಳಿಸಬೇಕು. ಹತ್ತಿರದವರೆಂದರೆ ಮಂಚದ ಮೇಲಿರುವವರೇ. ಅವರಿಗೆ ಅರ್ಥವಾಗಲಿ ಬಿಡಲಿ, ನಿಯಮ ನಿಯಮವೇ. ಸೀತಾರಾಮ ಸ್ಟೂಲೆಳೆದು ಕೂತು, ತಮಿಳಿನ ಕಾಗದವನ್ನು ತನಗೆ ಗೊತ್ತಿದ್ದ ಪುಸ್ತಕದ ಕನ್ನಡಕ್ಕೆ ತಿರುಗಿಸುತ್ತಾ ಗಟ್ಟಿಯಾಗಿ ಓದಿದ.

"ಫೆಬ್ರವರಿ ಒಂಬತ್ತು, ಶುಕ್ರವಾರ. ಮೈಲಾಪೂರಿನಲ್ಲಿ ದೂರವಾಣಿ ತಂತಿಯನ್ನು ಕತ್ತರಿಸಿದ ಪ್ರಕರಣಕ್ಕೆ ಸಂಬಂಧಿಸಿದಂತೆ—"

"ಹೂಂ."

ಸೀತಾರಾಮ ತಲೆಯೆತ್ತಿದ. ಕೊಟ್ರಪ್ಪನ ಕಣ್ಣು ಅವನ ಮುಖದ ಮೇಲಿತ್ತು. ಅವನು ಸಮಾಚಾರ ಓದುವವರ ಧಾಟಿಯಲ್ಲೇ ಮುಂದುವರಿಸಿದ.

"—ಅರವತ್ತೆಂಟು ವರ್ಷದ ಬಸವಣ್ಣೆಮ್ಮ ಎಂಬುವರನ್ನು ಪೊಲೀಸರು ಇಂದು ಬಂಧಿಸಿದ್ದಾರೆ."

"ಹೂಂ."

ಬಸವಣ್ಣೆಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಅಳುತ್ತಲೇ ಮಂಚದ ಕಾಲ ಬಳಿ ಕೂತಳು.

"ನಾಳೆಯಿಂದ ಬೆಳಿಗ್ಗೆ ಹೊತ್ತು ನಾನು ಪೇಪರ್ ಓದ್ತೀನಿ ಅಜ್ಜಿ," ಎಂದಳು ದಾಕ್ಷಾಯಿಣಿ.

"ಓದುವಿಯಂತ ಪಾಪಾ," ಎಂದಳು ಬಸವಣ್ಣೆಮ್ಮ. ಆಮೇಲೆ ಇನ್ಸ್‌ಪೆಕ್ಟರನ ಕಡೆ ತಿರುಗಿದಳು. "ಸಾಹೇಬ್ರ, ಠಾಣೇಕ ಹೋಗೂದು ಇದ್ದ ಐತಿ. ನನ್ನ ಹಿಡಿದದ್ದು ಇನ್ನೊಂದ್ಸಲ ಓದ್ರೆಲ್ಲ."