ಮರಳುಗಲ್ಲಿನ ಮೇಲೆ ಎಣ್ಣೆ

೨೦೧೬ರ ಜುಲೈ ೧೧, ಸೋಮವಾರ. ದಕ್ಷಿಣ ಆಸ್ಟ್ರೇಲಿಯದ ಮರುಭೂಮಿಯಂಚಿನ ಪುಟ್ಟ ಠಾಣೆಗೆ ಬೆಳಿಗ್ಗೆಯೇ ಡೋರೀನ್ ಆಂಟಿ ಬಂದು ಕುಳಿತರು. ಆ ನೆಲದ ಮೂಲನಿವಾಸಿಗಳ ಹಿರಿಯರು. ಅವರನ್ನು ಆಂಟಿ ಎನ್ನದವರು ಊರಲ್ಲಿರಲಿಲ್ಲ.

"ನಮ್ಮ ಕಲ್ಲಿನ ಮೇಲೆ ಯಾರೋ ಏನೋ ಸುರಿದಿದಾರೆ, ಬಾಲಾ. ಉಜ್ಜಿದ್ರೂ ಹೋಗ್ತಿಲ್ಲ."

ಸಾರ್ಜೆಂಟ್ ಬಾಲಕೃಷ್ಣ ದೂರು ದಾಖಲಿಸಿಕೊಂಡ. ಮೈಸೂರಿನವನು. ಅಡಿಲೇಡಿನಿಂದ ವರ್ಗವಾಗಿ ಬಂದಾಗಿನಿಂದ ನಿದ್ದೆ ಮಾಡಿ ಎದ್ದರೂ ಅವನ ದಣಿವು ಆರುತ್ತಿರಲಿಲ್ಲ.

ರಾಷ್ಟ್ರೀಯ ಉದ್ಯಾನದ ನಡುವೆ ಆ ಕೆಂಪು ಮರಳುಗಲ್ಲಿನ ಬಂಡೆ ಗೋಪುರದಂತೆ ಒಂಟಿಯಾಗಿ ನಿಂತಿತ್ತು. ನಕಾಶೆಯಲ್ಲಿ ಅದಕ್ಕೆ ಸೆಂಟಿನೆಲ್ ಎಂದು ಹೆಸರು. ಆಂಟಿಯ ಜನ ಕರೆಯುವ ಹೆಸರನ್ನು ಹೊರಗಿನವರಿಗೆ ಹೇಳುವುದಿಲ್ಲ. ಹನ್ನೊಂದೂವರೆಗೆ ಸ್ಥಳ ಪರಿಶೀಲನೆ ಶುರುವಾಯಿತು. ಪೂರ್ವದ ಮಗ್ಗುಲಲ್ಲಿ, ಗೂಡಿನಂಥ ಪೊಟರೆಯಿಂದ ನೆಲದವರೆಗೂ ಕಪ್ಪು ಕಲೆ. ಕೆಳಗೆ ಕಾಯಿಯ ಚೂರು, ಅರ್ಧ ಸುಟ್ಟ ಹತ್ತಿಯ ಬತ್ತಿ.

"ಬಾರ್ಬಿ ಅಂತ ಮಾಂಸ ಸುಡೋಕೆ ಬಂದು ಎಣ್ಣೆ ಚೆಲ್ಲಿರ್ತಾರೆ, ಸಾರ್ಜ್," ಎಂದಳು ಕಾನ್‌ಸ್ಟೇಬಲ್ ಕೇಟ್.

"ಬಾರ್ಬಿಗೆ ತೆಂಗಿನಕಾಯಿ ಯಾಕಮ್ಮ?"

ಬಾಲಕೃಷ್ಣ ಬತ್ತಿಯನ್ನು ಮೂಸಿದ. ಎಳ್ಳೆಣ್ಣೆ. ಅವನಿಗೆ ಅಲ್ಲೇ ಕುಳಿತುಬಿಡೋಣವೆನ್ನಿಸಿತು. ಹುಡುಕಬೇಕಾದವರು ತನ್ನ ಕಡೆಯವರೇ.

"ಇಲ್ಲೇ ಯಾಕೆ? ಜನ ಓಡಾಡೋ ದಾರಿ ಆ ಕಡೆ ಇದೆಯಲ್ಲ," ಎಂದಳು ಕೇಟ್.

ಜೊತೆಗೆ ಬಂದಿದ್ದ ಡೋರೀನ್ ಆಂಟಿ ಪೊಟರೆಯ ಕಡೆ ಗದ್ದ ಎತ್ತಿದರು. "ಹೋದ ವರ್ಷದ ರಜೇಲಿ ಒಂದು ಮಗು ಕಳೆದುಹೋಗಿತ್ತಲ್ಲ, ಇದರೊಳಗೇ ಮುದುಡಿಕೊಂಡಿತ್ತು. ಹೆಜ್ಜೆ ಹಿಡ್ಕೊಂಡು ಬಂದವಳು ನಾನು. ಟೀವಿಯವರು ಬರೋ ಹೊತ್ತಿಗೆ ಮನೆಗೆ ಹೋಗಿಬಿಟ್ಟಿದ್ದೆ."

ಹಳೆಯ ಕಡತದಲ್ಲಿ ತಂದೆಯ ಹೆಸರಿತ್ತು: ನಾಗೇಂದ್ರ, ಎಂಜಿನಿಯರ್, ಸ್ಯಾಲಿಸ್‌ಬರಿ, ಅಡಿಲೇಡ್. ಉದ್ಯಾನದ ಗೇಟಿನ ಕ್ಯಾಮೆರಾದಲ್ಲಿ ಶನಿವಾರ ಅವನದೇ ಕಾರು.

ಜುಲೈ ೧೩, ಬುಧವಾರ. ಬಾಲಕೃಷ್ಣ, ಕೇಟ್ ಇಬ್ಬರೂ ದಿನವೆಲ್ಲ ಕಾರು ಓಡಿಸಿ, ದಾರಿಯ ಪೆಟ್ರೋಲ್ ಬಂಕಿನಲ್ಲಿ ತಣ್ಣಗಾದ ಪೈ ತಿಂದು, ಸಂಜೆ ನಾಲ್ಕಕ್ಕೆ ಸ್ಯಾಲಿಸ್‌ಬರಿಯ ಆ ಮನೆಯ ಬೆಲ್ ಒತ್ತಿದರು. ಬಾಗಿಲು ತೆರೆದವಳು ನಾಗೇಂದ್ರನ ಹೆಂಡತಿ ಶಾರದಾ. ಬಾಲಕೃಷ್ಣನ ಎದೆಯ ಮೇಲಿನ ಹೆಸರಿನ ಪಟ್ಟಿ ಓದಿ ಅವಳ ಮುಖ ಸ್ವಲ್ಪ ಸಡಿಲಾಯಿತು.

"ನಮ್ಮವರೇ ಅಲ್ವಾ ನೀವು?"

"ಅದಕ್ಕೇ ಶೂ ಹೊರಗೆ ಬಿಟ್ಟಿದೀನಿ, ಮೇಡಂ."

ನಾಗೇಂದ್ರ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದ.

"ಶನಿವಾರ ಎಲ್ಲಿದ್ರಿ?"

"ಪಾರ್ಕಿಗೆ ಹೋಗಿದ್ದೆ ಸರ್."

"ಎಣ್ಣೆ?"

"ಒಂದು ಕ್ಯಾನ್. ಹರಕೆ ಇತ್ತು. ಮಗು ಸಿಕ್ರೆ ಅವಳನ್ನ ಕಾಪಾಡಿದ ಜಾಗಕ್ಕೆ ಎಣ್ಣೆಮಜ್ಜನ ಮಾಡಿಸ್ತೀನಿ ಅಂದಿದ್ದೆ. ತಪ್ಪಾಯ್ತಾ?"

"ನಮ್ಮೂರಿನ ಕರಿಕಲ್ಲು ಎಣ್ಣೆ ಕುಡಿದಷ್ಟೂ ಹೊಳೆಯುತ್ತೆ. ಇದು ಮರಳುಗಲ್ಲು ರೀ. ಒಳಗಿಳಿದದ್ದು ಹೊರಗೆ ಬರಲ್ಲ. ಪದರ ಪದರ ಉದುರುತ್ತಂತೆ."

ನಾಗೇಂದ್ರ ಕುರ್ಚಿಯ ಬೆನ್ನು ಹಿಡಿದುಕೊಂಡ. "ಮುಂದಿನ ತಿಂಗಳು ಸಿಟಿಜನ್‌ಶಿಪ್ ಇದೆ ಸರ್. ನಂದು ಡಿಫೆನ್ಸ್ ಪ್ರಾಜೆಕ್ಟು. ಕೇಸಾದ್ರೆ ಎರಡೂ ಹೋಗುತ್ತೆ. ಫೈನ್ ಏನಾದ್ರೂ ಕಟ್ಟಿ ಮುಗಿಸಕ್ಕಾಗಲ್ವಾ?"

"ಮಗುನ ಹುಡುಕಿದ್ದು ಯಾರು, ಗೊತ್ತಾ?"

"ರೆಸ್ಕ್ಯೂ ಟೀಮ್."

"ಹೆಸರು?"

ನಾಗೇಂದ್ರ ಹೆಂಡತಿಯ ಮುಖ ನೋಡಿದ. ಅವಳಿಗೂ ಗೊತ್ತಿರಲಿಲ್ಲ.

"ಡೋರೀನ್ ಅಂತ ಒಬ್ಬರು ಆಂಟಿ. ಹೆಜ್ಜೆ ನೋಡ್ಕೊಂಡು ಒಬ್ಬರೇ ಹೋದ್ರು. ಅವರ ಹಿರಿಯರ ಜಾಗ ಅದು. ದೂರು ಕೊಟ್ಟಿರೋದೂ ಅವರೇ."

ಆಮೇಲೆ ಅವನು ಫೈನಿನ ಮಾತೆತ್ತಲಿಲ್ಲ. ಚಪ್ಪಲಿ ಹುಡುಕಿ ಮೆಟ್ಟಿಕೊಂಡ. ಒಳಗಿಂದ ಮಗಳು ಶರಣ್ಯಾ ಇಣುಕಿದಳು.

"ಡ್ಯಾಡ್, ಆರ್ ಯು ಗೋಯಿಂಗ್ ಟು ವರ್ಕ್?"

"ಬಂದ್ಬಿಡ್ತೀನಿ ಪುಟ್ಟಾ."

ಐದು ಗಂಟೆಗೆ ಅಲ್ಲಿನ ಠಾಣೆಯಲ್ಲಿ ಬಂಧನ ದಾಖಲಾಯಿತು. ಉದ್ದೇಶ ಏನೆಂದು ಬರೆಯಲಿ ಎಂದು ಕೇಟ್ ಕೇಳಿದಳು. ಬಾಲಕೃಷ್ಣ, "ಉಪಕಾರ ತೀರಿಸೋಕೆ ಹೋಗಿದ್ದ ಅಂತ ಬರಿ," ಎಂದ.

ಹೊರಗೆ ಬಂದು ಡೋರೀನ್ ಆಂಟಿಗೆ ಫೋನ್ ಮಾಡಿ ಎಲ್ಲ ಹೇಳಿದ.

"ಕೇಸು ನಡೀಲಿ," ಎಂದರು ಆಂಟಿ. "ಕಲ್ಲು ಕಲ್ಲೇ." ಆಮೇಲೆ ಕೇಳಿದರು: "ಆ ಪುಟ್ಟಿ ಹೇಗಿದಾಳೆ? ಎತ್ತರ ಆಗಿದಾಳಾ?"